ಮುದುಕಿಯ ಹಲ್ಲಿನ ಎಡಪಕ್ಕ

ಥೋರಾಗೆ ಕುಳಿತಲ್ಲಿ ಕುಳಿತಿರಲು ಬಾರದು. ಊಟಕ್ಕೆ ಕುಳಿತರೂ ಅವಳ ಒಂದು ಕಾಲು ಬಾಗಿಲ ಕಡೆಗೇ ಇರುತ್ತಿತ್ತು. ಯೂಟಾದ ಕೆಂಪು ಕಮರಿಗಳ ನಡುವೆ, ಕೊಲರಾಡೊ ನದಿಯಲ್ಲಿ, ಮೂವತ್ತಾರು ಬೇಸಿಗೆ ಅವಳು ಪ್ರವಾಸಿಗರ ರಬ್ಬರ್ ದೋಣಿ ನಡೆಸಿದ್ದಳು. ನೊರೆಗರೆದು ಧುಮುಕುವ ಇಳಿಜಾರುಗಳಲ್ಲಿ ಹುಟ್ಟು ಹಿಡಿದಾಗ ಮಾತ್ರ ಅವಳ ಮನಸ್ಸು ತೆಪ್ಪಗಿರುತ್ತಿತ್ತು. ಅವು ಮುಗಿದು ಅಣೆಕಟ್ಟಿನ ಹಿನ್ನೀರು ಬಂತೆಂದರೆ ಮುಖ ಗಂಟಿಕ್ಕುತ್ತಿತ್ತು. ಸತ್ತಂತೆ ಮಲಗಿದ ಆ ನೀರಿನ ಮೇಲೆ ಮೋಟಾರು ಹಚ್ಚಿಕೊಂಡು ದಿನವಿಡೀ ಸಾಗುವುದು ಅವಳಿಗೆ ಶಿಕ್ಷೆಯೇ ಆಗಿತ್ತು.

ಆ ಹಿನ್ನೀರಿನ ಅಡಿಯಲ್ಲಿ ಅವಳ ಅಪ್ಪ ಆರ್ಡೆನ್‌ನ ನದಿಯಿತ್ತು. ಅವನೂ ದೋಣಿಯವನೇ. ಥೋರಾ ಮೂರನೆಯ ತರಗತಿಯಲ್ಲಿದ್ದಾಗ ಮುಳುಗಿಹೋದ ಇಳಿಜಾರೊಂದಕ್ಕೆ ಅವನು ‘ಮುದುಕಿಯ ಹಲ್ಲು’ ಎಂದು ಹೆಸರಿಟ್ಟಿದ್ದ. ನಡುನೀರಿನಲ್ಲಿ ಒಂಟಿ ಕರಿಬಂಡೆ. ಮೇಣಬಟ್ಟೆಯ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ತಾನು ಎಳೆದ ಪೆನ್ಸಿಲ್ ಗೆರೆಯ ಮೇಲೆ ಮಗಳ ಬೆರಳು ಹಿಡಿದು ನಡೆಸುತ್ತಿದ್ದ. “ಹಲ್ಲಿನ ಎಡಕ್ಕೆ ಹೋಗು ಮಗಳೇ. ಬಲಕ್ಕೆ ಹೋದ್ಯೋ, ಅಗಿದು ಉಗಿದುಬಿಡ್ತಾಳೆ.” ಆ ಗೆರೆಯನ್ನು ಮತ್ತೊಮ್ಮೆ ನೀರಿನ ಮೇಲೆ ಕಾಣದೆಯೇ ಅವನು ತೀರಿಕೊಂಡ.

ಆಮೇಲೆ ಮಳೆ, ಹಿಮ ಎರಡೂ ಕಡಿಮೆಯಾಗಿ ಹಿನ್ನೀರು ವರ್ಷವರ್ಷವೂ ಇಳಿಯತೊಡಗಿತು. ಮುಳುಗಿದ್ದ ಇಳಿಜಾರುಗಳು ಒಂದೊಂದಾಗಿ ತಲೆಯೆತ್ತಿದವು. ಆ ಜೂನ್ ತಿಂಗಳಲ್ಲಿ ಮುದುಕಿಯ ಹಲ್ಲೂ ಮೇಲೆದ್ದಿತೆಂದು ಸುದ್ದಿ ಬಂತು. ಥೋರಾಗೆ ಆಗ ಅರವತ್ತಮೂರು. ಬಲ ಮಂಡಿ ಊದಿಕೊಂಡಿತ್ತು. ಮಂಡಿ ಪೂರ್ತಿ ಕೈಕೊಡುವ ಮೊದಲು ಅಪ್ಪನ ದಾರಿಯಲ್ಲಿ ಒಮ್ಮೆ ಇಳಿಯಬೇಕೆಂಬ ಒಂದೇ ಆಸೆ ಅವಳನ್ನು ಕಚ್ಚಿ ಹಿಡಿಯಿತು.

ಅರಿಯದ ಇಳಿಜಾರು ಬಂದರೆ ದೋಣಿಯವರು ಮೊದಲು ದಡಕ್ಕಿಳಿಯುತ್ತಾರೆ. ಬಂಡೆ ಹತ್ತಿ ನಿಂತು ನೀರನ್ನು ಕಣ್ತುಂಬ ನೋಡಿಯೇ ಮುಂದೆ ಹೋಗುತ್ತಾರೆ. ಆ ಸಲದ ತಂಡಕ್ಕೆ ಹಿರಿಯನಾಗಿದ್ದ ರುಲಾನ್, ಥೋರಾಳ ಚಿಕ್ಕಪ್ಪನ ಮಗ, ಹಲ್ಲಿಗೆ ತುಸು ಮೊದಲೇ ಪ್ರವಾಸಿಗರನ್ನೆಲ್ಲ ದಡಕ್ಕಿಳಿಸಿ ಅವಳನ್ನೂ ಕರೆದ.

“ಇಳಿದು ಬಾ ಥೋರಾ, ನೋಡೋಣ.”

“ನೋಡೋದೇನಿದೆ? ಎಂಟನೇ ವಯಸ್ಸಿನಿಂದ ನೋಡ್ತಾನೇ ಇದೀನಿ.”

“ನಕ್ಷೆಯ ಮೇಲೆ!”

“ನಿಂಗೆ ನಕ್ಷೇನೂ ಓದೋಕೆ ಬರಲ್ಲ. ಹಗ್ಗ ಬಿಚ್ಚು.”

“ಹೋಗು ಹಾಗಾದ್ರೆ, ಮುದುಕೀರಿಬ್ಬರೂ ಮಾತಾಡ್ಕೊಳ್ಳಿ. ಪೀಚ್ ಹಣ್ಣಿನ ಡಬ್ಬಿ ಮಾತ್ರ ಜೋಪಾನ!”

ಅವಳ ದೋಣಿಯಲ್ಲಿದ್ದುದು ಅಡುಗೆ ಸಾಮಾನು ಮಾತ್ರ. ಬೈದುಕೊಳ್ಳುತ್ತಲೇ ರುಲಾನ್ ನೀರಿಗೆ ಬಿದ್ದವರಿಗೆ ಎಸೆಯುವ ಹಗ್ಗದ ಚೀಲ ಹೆಗಲಿಗೇರಿಸಿ ಇಳಿಜಾರಿನ ಬುಡಕ್ಕೆ ಓಡಿ ನಿಂತ.

ಹಲ್ಲು ಅಪ್ಪ ಹೇಳಿದಂತೆಯೇ ಇತ್ತು. ಕರ್ರಗೆ, ತುಸು ಬಾಗಿಕೊಂಡು. ಥೋರಾ ಎಡಕ್ಕೆ ಹುಟ್ಟು ಹಾಕಿದಳು. ಆದರೆ ಎಡದಲ್ಲಿ ನದಿಯೇ ಇರಲಿಲ್ಲ. ಹಿನ್ನೀರು ಅಷ್ಟು ವರ್ಷ ತಂದು ಸುರಿದ ಹೂಳು ಅಲ್ಲಿ ಗೋಡೆಯಾಗಿ ನಿಂತಿತ್ತು. ಅಪ್ಪನ ದಾರಿ ಆ ಗೋಡೆಯ ಅಡಿಯಲ್ಲೆಲ್ಲೋ ಹೂತುಹೋಗಿತ್ತು. ಸೆಳೆತ ದೋಣಿಯನ್ನು ಅಡ್ಡಡ್ಡ ಒಯ್ದು ಗೋಡೆಗೆ ಅಪ್ಪಳಿಸಿತು. ಮೇಲಿಂದ ಮನೆಬಾಗಿಲಿನಷ್ಟು ಮಣ್ಣಿನ ಹೆಂಟೆ ಕಳಚಿ ಬಿತ್ತು. ಕ್ಷಣದಲ್ಲಿ ದೋಣಿ ಮಗುಚಿತು. ಥೋರಾ ಕೆಸರು ಕುಡಿದು, ಮುಳುಗಿ, ಎದ್ದಾಗ ರುಲಾನ್ ಎಸೆದ ಹಗ್ಗ ಸರಿಯಾಗಿ ಅವಳ ಮುಖದ ಮುಂದೆಯೇ ಬಿದ್ದಿತ್ತು. ಪೀಚ್ ಡಬ್ಬಿಗಳು ಮೀನಿನ ಪಾಲಾದವು.

ದೋಣಿ ಮಗುಚಿದವರು ತಮ್ಮ ಬೂಟಿನಲ್ಲೇ ಬಿಯರ್ ಕುಡಿಯಬೇಕೆಂಬುದು ಅಲ್ಲಿಯ ಕಟ್ಟಳೆ. ಸಂಜೆ ಬಿಡಾರದಲ್ಲಿ ಥೋರಾ ಮರಳು ಸಮೇತ ಒಂದೇ ಗುಟುಕಿಗೆ ಮುಗಿಸಿದಳು.

“ಹೇಗಿತ್ತು?” ಎಂದ ರುಲಾನ್.

“ನಿನ್ನ ಅಡುಗೆಗಿಂತ ವಾಸಿ. ನಿಂಗೇನಪ್ಪ, ಬಿಯರ್ ಮುಟ್ಟದ ಭಕ್ತ, ಮಗುಚಿದ್ರೂ ಬೂಟಲ್ಲಿ ನಿಂಬೆ ಪಾನಕ!”

ಎಲ್ಲರೂ ನಕ್ಕರು. ಅವಳು ಮಾತ್ರ ಎದ್ದು, ಕುಂಟುತ್ತ, ಅಂಗಿಯೊಳಗೇ ಉಳಿದು ಒದ್ದೆಯಾದ ಅಪ್ಪನ ನಕ್ಷೆಯನ್ನು ಒಣಹಾಕಲು ಹೋದಳು. ಇಳಿಬಿಸಿಲಿಗೆ ಹಿಡಿದಾಗ ಅಪ್ಪನ ಗೆರೆಯ ಅಕ್ಕಪಕ್ಕ ಮಸುಕು ಗುರುತುಗಳು ಕಂಡವು. ಇಷ್ಟು ದಿನ ಕೊಳೆಯೆಂದುಕೊಂಡಿದ್ದಳು. ಅವು ಅಳಿಸಿದ ಗೆರೆಗಳು, ಒಂದಲ್ಲ, ನಾಲ್ಕೈದು. ಒಂದು ಗೆರೆಯಂತೂ ಹಲ್ಲಿನ ಬಲಕ್ಕೇ ಹೋಗಿತ್ತು.

“ನೋಡೋ ಇಲ್ಲಿ,” ಎಂದು ರುಲಾನ್‌ನನ್ನು ಕೂಗಿದಳು. “ಅಪ್ಪ ನಂಗೆ ಕೊನೇ ಗೆರೇನ ಮಾತ್ರ ಹೇಳಿಕೊಟ್ಟಿದ್ದಾನೆ, ಕಳ್ಳ.”

ಮುಂದಿನ ಸರದಿಗೆ ಮೂರು ವಾರವಿತ್ತು. ಆ ಮೂರು ವಾರ ಅವಳು ಮನೆಯವರಿಗೆ ನೆಮ್ಮದಿ ಕೊಡಲಿಲ್ಲ. ಜುಲೈಯಲ್ಲಿ ಅಲ್ಲಿಗೆ ಬಂದಾಗ ಎಲ್ಲರಿಗಿಂತ ಮೊದಲು ದಡಕ್ಕೆ ಹಾರಿದವಳು ಅವಳೇ. ಬಂಡೆಯ ಮೇಲೆ ಒಂದು ತಾಸು ನಿಂತಳು. ಹೂಳಿನ ಗೋಡೆ ಆಗಲೇ ಒಂದಷ್ಟು ಕುಸಿದು, ನೀರು ಮತ್ತೊಂದು ತಿರುವು ತೆಗೆದುಕೊಂಡಿತ್ತು.

“ಬೇಗ ಕಣೇ,” ಎಂದ ರುಲಾನ್. “ನೀನು ನೋಡ್ತಾ ಇರೋವಾಗಲೇ ನದಿ ಬದಲಾಗಿಬಿಡುತ್ತೆ.”

“ಅದಕ್ಕೇ ನೋಡ್ತಾ ಇರೋದು.”

ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, ಅಪ್ಪನ ನಕ್ಷೆಯ ಮೇಲೆ, ಹಲ್ಲಿನ ಬಲಕ್ಕೆ, ತೆಳುವಾಗಿ ಒಂದು ಗೆರೆಯೆಳೆದಳು, ಅಳಿಸಲು ಬರುವಂತೆ. ಬಂಡೆಯಿಂದಿಳಿದು ದೋಣಿಯ ಹಗ್ಗಕ್ಕೆ ಕೈ ಹಾಕಿದಳು.