ಒದರಿದ ಮಡಿಲು

ತಿಪಟೂರು ಬಸ್ ನಿಲ್ದಾಣದಲ್ಲಿ ರಂಗಮ್ಮನನ್ನು ಕಂಡು ಖುಷಿಯಿಂದ ಕೂಗಿದೆ. ತಿರುಗಿ ನನ್ನನ್ನು ನೋಡಿದವಳೇ, ಅಷ್ಟು ಜನರ ಮಧ್ಯೆ ಸೀರೆಯ ಮಡಿಲು ಬಿಚ್ಚಿ ಒದರಿದಳು.

"ಏನೂ ಇಲ್ಲ ಕಣ್ರಮ್ಮ, ನೋಡ್ಕಳಿ" ಎಂದಳು.

ನಮ್ಮ ಮನೆಗೆ ಕೊಬ್ಬರಿಯ ಕರಟ ಬಿಡಿಸಲು ಬರುತ್ತಿದ್ದ ಹೆಂಗಸರು ಸಂಜೆ ಹೊರಡುವಾಗ ಅವರ ಮಡಿಲು ತಡಕುವುದು ಸೊಸೆಯಾದ ನನ್ನ ಕೆಲಸವಾಗಿತ್ತು. ಗಂಡಾಳುಗಳ ಜೇಬನ್ನು ಯಾರೂ ಮುಟ್ಟುತ್ತಿರಲಿಲ್ಲ. ನಾನು "ಹೂಂ, ಹೋಗು" ಎಂದ ಮೇಲೆಯೇ ಹೆಂಗಸರು ಗೇಟು ದಾಟಬೇಕು. ರಂಗಮ್ಮನ ಹತ್ತಿರ ಒಂದು ದಿನವೂ ಒಂದು ಚೂರು ಸಿಕ್ಕಿದ್ದಿಲ್ಲ. ಆಕೆ ಕೆಲಸ ಬಿಟ್ಟೇ ಆರು ವರ್ಷವಾಗಿದೆ.

ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಹೊರಬಿದ್ದದ್ದು ಅದೇ ಹಳೆಯ "ಹೂಂ, ಹೋಗು." ಆಕೆ ಸೆರಗು ಸಿಕ್ಕಿಸಿಕೊಂಡು ಹೋದಳು.