ವಿಭೂತಿ ಗೆರೆಯ ಜೀಪು

ಕ್ಲಚ್ಚು ಸುಟ್ಟ ವಾಸನೆ ಬಂದರೆ ಯಾರಿಗಾದರೂ ಎದೆ ಧಸಕ್ ಅನ್ನುತ್ತದೆ. ನನಗೆ ಮಾತ್ರ ನಮ್ಮ ಅತ್ತೆ ನೆನಪಾಗುತ್ತಾರೆ. ಹೋದ ವಾರ ತುಮಕೂರಿನ ಸತ್ಯಮಂಗಲದಲ್ಲಿರುವ ನನ್ನ ವರ್ಕ್‌ಶಾಪಿಗೆ ಒಬ್ಬ ಯುವಕ ಜೀಪು ತಂದಿದ್ದ. ಸೊಂಟದೆತ್ತರದ ಟೈರು ಹಾಕಿಸಿಕೊಂಡಿದ್ದ. ನೋಡುವುದಕ್ಕೆ ಬಲು ಗತ್ತು, ಆದರೆ ನಮ್ಮ ಗೇಟಿನ ಸಣ್ಣ ದಿಬ್ಬ ಹತ್ತುವಷ್ಟರಲ್ಲಿ ಗಾಡಿ ಗೋಗರೆಯಿತು. ಆಮೇಲೆ ಆ ವಾಸನೆ... ಬಾನೆಟ್ಟು ಎತ್ತುವ ಮೊದಲೇ ನಾನು ಕುಣಿಗಲ್ ತಾಲ್ಲೂಕಿನ ತೆಂಗಿನ ತೋಟವೊಂದರಲ್ಲಿ, ಅತ್ತೆಯ ಪಕ್ಕದಲ್ಲಿ ನಿಂತಿದ್ದೆ.

ಅತ್ತೆ ಅಂದರೆ ನನ್ನ ಗಂಡನ ತಾಯಿ. ಗುಬ್ಬಿಯಲ್ಲಿ ಜೀಪು ಓಡಿಸುತ್ತಿದ್ದ ಹೆಂಗಸು ಅಂದರೆ ಆಗ ಎಲ್ಲರಿಗೂ ಗೊತ್ತಾಗುತ್ತಿತ್ತು. ಮಾವ ತೀರಿಕೊಂಡ ಮೇಲೆ ಮನೆಯ ಮುಂದೆ ನಿಂತಿದ್ದ ಹಳೇ ಜೀಪನ್ನು ಮಾರಿಬಿಡಿ ಅಂತ ನೆಂಟರೆಲ್ಲ ಹೇಳಿದರಂತೆ. ಇವರು ಸೆರಗು ಸಿಕ್ಕಿಸಿಕೊಂಡು ಓಡಿಸುವುದನ್ನು ಕಲಿತರಂತೆ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಬಾಯಲ್ಲಿ ಎಲೆಯಡಿಕೆ. ಬೆಳಿಗ್ಗೆ ಪೂಜೆ ಮುಗಿಸಿ ಬಂದವರು ಅದೇ ಮೂರು ಬೆರಳನ್ನು ಬಾನೆಟ್ಟಿಗೂ ಎಳೆಯುತ್ತಿದ್ದರು. ಆಮೇಲೆಯೇ ಕೀ ತಿರುಗಿಸುವುದು. ವಿಭೂತಿಯಿಲ್ಲದೆ ಗಾಡಿ ಹೊರಟಿದ್ದನ್ನು ನಾನು ನೋಡಿಯೇ ಇಲ್ಲ.

ನಾನು ತುಮಕೂರಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದಿ, ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಗೇರು ಕಟ್ಟುವ ಕೆಲಸದಲ್ಲಿದ್ದಾಗ ಆ ಮನೆಗೆ ಸೊಸೆಯಾಗಿ ಹೋದೆ. ಹೆಣ್ಣು ನೋಡುವ ದಿನ ಹಾಡು ಬರುತ್ತಾ, ಅಡುಗೆ ಬರುತ್ತಾ ಅಂತ ಉಳಿದವರು ಕೇಳುತ್ತಿದ್ದರೆ, ಅತ್ತೆ ಮಾತ್ರ, "ಗೇರ್ ಬಾಕ್ಸು ಬಿಚ್ತೀಯೇನಮ್ಮ?" ಅಂತ ಕೇಳಿದ್ದರು. ತಲೆಯಾಡಿಸಿದೆ. ಸಂಬಂಧ ಅಲ್ಲಿಗೇ ಕುದುರಿತು ಅಂತ ನನ್ನ ಗಂಡ ಇವತ್ತಿಗೂ ಛೇಡಿಸುತ್ತಾರೆ.

ಅತ್ತೆಗೆ ತವರಿನವರು ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟ ತೆಂಗಿನ ತೋಟ ಮಾರ್ಕೋನಹಳ್ಳಿ ಕಾಲುವೆಯ ಕೆಳಗಿತ್ತು. ನೀರಿಗೆ ಬರವಿಲ್ಲ, ಅದೇ ತೊಂದರೆ. ತೋಟದೊಳಗೆ ಸದಾ ಕೆಸರು. ಅದನ್ನು ದಾಟಿದರೆ ರಸ್ತೆಗೆ ಹತ್ತುವ ಕಲ್ಲು ಏರು, ಗೋಡೆಯ ಹಾಗೆ. ಜೀಪಿನ ಹೊಟ್ಟೆ ಕೆಸರಿಗೆ ಕೂತು ಹೋಗುತ್ತಿತ್ತು. ಪ್ರತಿ ಕೊಯ್ಲಿಗೂ ಅತ್ತೆಯ ಅಣ್ಣ ಎತ್ತು ಕಟ್ಟಿ ಎಳೆಸುತ್ತಿದ್ದರು, ಎಳೆಸುತ್ತಾ ಒಂದು ಮಾತೂ ಆಡುತ್ತಿದ್ದರು. "ಯಾಕವ್ವಾ ಈ ಪಾಡು? ತೋಟ ನಂಗೆ ಗುತ್ತಿಗೆಗೆ ಬುಡು, ಮನೇಲಿ ಆರಾಮಾಗಿರು."

ಕೆಟ್ಟ ಮನುಷ್ಯರಲ್ಲ ಅವರು. ಆದರೆ ಆ ಮಾತು ಅತ್ತೆಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಆ ತೋಟ ಒಂದೇ ಅವರು ತಮ್ಮದು ಅಂತ ಹೇಳಿಕೊಳ್ಳುತ್ತಿದ್ದದ್ದು.

ನನ್ನ ಗಂಡ ಅಮ್ಮನ ಕಷ್ಟ ನೋಡಲಾರದೆ ಕೆಸರಿನಲ್ಲಿ ಹಿಡಿತ ಸಿಗುವ ದೊಡ್ಡ ಬಟನ್ ಟೈರು ತಂದು ಹಾಕಿಸಿದರು. ಹೊಟ್ಟೆ ಕೆಸರಿಗೆ ತಾಗುವುದು ನಿಂತಿತು. ಆದರೆ ಕಾಯಿ ತುಂಬಿದ ಟ್ರೇಲರ್ ಎಳೆದುಕೊಂಡು ಏರಿನ ಅರ್ಧಕ್ಕೆ ಬಂದ ಗಾಡಿ ಮುಂದಕ್ಕೆ ಅಲುಗಲಿಲ್ಲ. ಕ್ಲಚ್ಚು ಹೊಗೆಯಾಡಿತು. ಆ ವಾಸನೆ ತೋಟಕ್ಕೆಲ್ಲ ಹಬ್ಬಿತು. ಮತ್ತೆ ಎತ್ತು ಬಂದವು. ಅತ್ತೆಗೆ ರೇಗಿಹೋಯಿತು. ಅಣ್ಣನ ಎದುರಿಗೆ, ಆಳುಗಳ ಎದುರಿಗೆ ಅಂದುಬಿಟ್ಟರು: "ಮುಂದಿನ ಕೊಯ್ಲಿಗೆ ನನ್ನ ಗಾಡಿ ಅದರಷ್ಟಕ್ಕೆ ಅದೇ ಈ ಏರು ಹತ್ತದಿದ್ರೆ ತೋಟ ನಿಂಗೇ ಬುಡ್ತೀನಿ."

ಅತ್ತೆ ಮಾತು ಕೊಟ್ಟರೆ ಮುಗಿಯಿತು. ಮನೆಗೆ ಬಂದ ಮೇಲೆ ನಾನು ವಿಷಯ ಬಿಡಿಸಿ ಹೇಳಿದೆ. ಚಕ್ರ ದೊಡ್ಡದಾದರೆ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಅದನ್ನು ತಿರುಗಿಸಲು ಎಂಜಿನ್ನಿಗೆ ಹೆಚ್ಚು ಬಲ ಬೇಕು. ಎಂಜಿನ್ನು ಹಳೆಯದೇ, ಗೇರು ಹಳೆಯದೇ. ಆದ್ದರಿಂದ ಎರಡು ಚಕ್ರಗಳ ನಡುವೆ ಕಬ್ಬಿಣದ ಡಬ್ಬಿಯಂಥ ಹೌಸಿಂಗಿನಲ್ಲಿರುವ ಹಲ್ಲುಚಕ್ರಗಳ ಜೋಡಿಯನ್ನು, ಅಂದರೆ ಕ್ರೌನು ಪಿನಿಯನ್ನನ್ನು, ಟೈರಿಗೆ ಹೊಂದುವಂತೆ ಬದಲಿಸಬೇಕು. ಅತ್ತೆ ಎಲೆಗೆ ಸುಣ್ಣ ಸವರುತ್ತಾ ಕೇಳಿಸಿಕೊಂಡರು.

"ಬೀಸೋ ಕಲ್ಲು ದೊಡ್ಡದಾಯ್ತು, ಗೂಟ ಮಾತ್ರ ಹಳೇ ಜಾಗ್ದಾಗೇ ಐತೆ ಅನ್ನು."

ಇಷ್ಟು ಚೆನ್ನಾಗಿ ನಮ್ಮ ಲೆಕ್ಚರರ್ ಕೂಡ ಹೇಳಿರಲಿಲ್ಲ. ಹೂಂ ಅತ್ತೆ, ಗೂಟವನ್ನು ಅಂಚಿಗೆ ಸರಿಸಬೇಕು ಅಂದೆ. "ಸರ್ಸು ಮತ್ತೆ" ಅಂದರು, ಅಷ್ಟೇ. ಜೀಪಿನ ಹೊಟ್ಟೆ ಸೀಳುವುದಕ್ಕೆ ಹೊಸ ಸೊಸೆಯನ್ನು ಬಿಟ್ಟಿದ್ದಾರೆ ಅಂತ ಬೀದಿಯವರು ನಗುತ್ತಿದ್ದರು. ಅತ್ತೆ ಅಂಗಳದಲ್ಲಿ ಮಣೆ ಹಾಕಿಕೊಂಡು, ಯಾರೂ ಹತ್ತಿರ ಬಂದು ಬುದ್ಧಿ ಹೇಳದ ಹಾಗೆ ಕಾವಲು ಕೂತರು. ಜೀಪಿನ ಹಿಂದಿನ ಚಕ್ರಗಳಿಗೊಂದು, ಮುಂದಿನ ಚಕ್ರಗಳಿಗೊಂದು ಜೋಡಿ ಬೇಕು. ಹಿಂದಿನ ಜೋಡಿಯನ್ನು ನಾನೇ ಕೂರಿಸಿದೆ. ಮುಂದಿನದು ಗುಜರಿಯಲ್ಲಿ ಹೌಸಿಂಗ್ ಸಮೇತ ಸಿಕ್ಕಿತು. ಅದೂ ಹಿಂದಿನದರ ಅಳತೆಯದೇ ಅಂತ ಅಂಗಡಿಯವನು ಆಣೆ ಮಾಡಿ ಕೊಟ್ಟಿದ್ದ.

ಕೊಯ್ಲಾಗಿ, ಕಾಯಿ ರಾಶಿ ಬಿದ್ದಿತ್ತು. ಸೋಮವಾರ, ಶಿವನ ವಾರ, ಗಾಡಿ ತರುತ್ತೇನೆ ಅಂತ ಅತ್ತೆ ಅಣ್ಣನಿಗೆ ಹೇಳಿ ಕಳಿಸಿಯಾಗಿತ್ತು. ಅವತ್ತು ಬೆಳಿಗ್ಗೆ ಹೊರಡುವ ಮೊದಲು, ಯಾಕೋ ಮನಸ್ಸು ತಡೆಯದೆ, ಮುಂದಿನದನ್ನೂ ಒಮ್ಮೆ ನೋಡಿಬಿಡುತ್ತೇನೆ ಅಂದೆ. ಗುರುತು ಹಾಕಲು ಸೀಮೆಸುಣ್ಣ ಸಿಗಲಿಲ್ಲ. ಅತ್ತೆ ಒಳಗೆ ಹೋಗಿ ಪೂಜೆಯ ವಿಭೂತಿ ಗಟ್ಟಿಯನ್ನೇ ತಂದುಕೊಟ್ಟರು. "ಇದ್ರಲ್ಲಿ ಗೆರೆ ಎಳಿ, ಸುಳ್ಳು ಹೇಳಲ್ಲ ಇದು."

ಟೈರಿಗೊಂದು ಗೆರೆ, ಎಂಜಿನ್ನಿನ ಕಡೆಯಿಂದ ಬರುವ ಶಾಫ್ಟಿಗೊಂದು ಗೆರೆ. ಗಾಡಿಯನ್ನು ಜಾಕಿಗೆ ಎತ್ತಿದ ಮೇಲೆ ಅತ್ತೆ ಚಕ್ರ ತಿರುಗಿಸಿದರು, ಅದರ ಒಂದು ಸುತ್ತಿಗೆ ಶಾಫ್ಟು ಎಷ್ಟು ಸುತ್ತುತ್ತದೆ ಅಂತ ನಾನು ಕೆಳಗೆ ಮಲಗಿ ಎಣಿಸಿದೆ. ಹಿಂದಿನದು ಸರಿಯಾಗಿತ್ತು. ಮುಂದಿನದರಲ್ಲಿ ಬಿಳಿ ಗೆರೆ ಬರಬೇಕಾದ ಕಡೆ ಬರಲೇ ಇಲ್ಲ. ಮತ್ತೆ ತಿರುಗಿಸಿ ಅಂದೆ. ಮತ್ತೆಯೂ ಅಷ್ಟೇ. ಎರಡೂ ಬೇರೆ ಬೇರೆ ಅಳತೆ.

"ಕೆಸರಲ್ಲಿ ಚಕ್ರ ಜಾರುತ್ತೆ, ನಡೆಯುತ್ತೆ ಅತ್ತೆ. ಕಲ್ಲು ಏರಿನ ಮೇಲೆ ನಾಲ್ಕೂ ಚಕ್ರ ಎಳೀಲಿ ಅಂತ ಫ್ರಂಟ್ ಗೇರ್ ಹಾಕಿದ್ರೆ ಮುಂದಿನ ಚಕ್ರ ಒಂದು ಲೆಕ್ಕ, ಹಿಂದಿನದು ಒಂದು ಲೆಕ್ಕ. ಗೇರು ಒಡೆದುಹೋಗ್ಬೋದು."

"ಹೋಗ್ಬೋದಾ? ಹೋಯ್ತದಾ?"

"ಹೋಗುತ್ತೆ."

ಅತ್ತೆ ಕೀ ಕೈಗೆತ್ತಿಕೊಂಡರು. ಇವರು ಸುಮ್ಮನೆ ಹೊರಟೇಬಿಡುತ್ತಾರೇನೋ ಅಂದುಕೊಂಡೆ. ಅವರು ಅದನ್ನು ಗೋಡೆಯ ಮೊಳೆಗೆ ತಗುಲಿಸಿ, ಚಪ್ಪಲಿ ಮೆಟ್ಟಿಕೊಂಡು, "ನಡಿ, ಬಸ್ಸು ಹಿಡಿಯಾನ" ಅಂದರು. ಫೋನಿನಲ್ಲಿ ಹೇಳಿದರಾಗದೇ ಅಂದೆ. ಮಾತು ಎದುರಿಗೆ ಕೊಟ್ಟಿದ್ದು, ಎದುರಿಗೇ ಹೇಳಬೇಕು ಅಂದರು.

ತುಮಕೂರು, ಕುಣಿಗಲ್ ಅಂತ ಬಸ್ಸು ಬದಲಾಯಿಸಿ ತೋಟ ಮುಟ್ಟಿದಾಗ ಆಳುಗಳು, ಎತ್ತು, ಅಣ್ಣ ಎಲ್ಲರೂ ಏರಿನ ಮೇಲೆ ಕಾಯುತ್ತಿದ್ದರು. ನಡೆದು ಬಂದ ನಮ್ಮನ್ನು ನೋಡಿ ಅಣ್ಣ ನಕ್ಕರು. "ಏನವ್ವಾ, ಗಾಡಿ ಎಲ್ಲಿ?"

"ನಮ್ ಸೊಸೆ ಇನ್ನೂ ಆಗಿಲ್ಲ ಅಂದವ್ಳೆ. ಅವ್ಳು ಆಯ್ತು ಅಂದ ದಿನ ಬತ್ತೈತೆ."

"ನಿನ್ನೆ ಮೊನ್ನೆ ಬಂದ ಸೊಸೆ ಮಾತು ಕೇಳ್ಕಂಡು ಬಸ್ಸಲ್ಲಿ ಬಂದ್ಯಾ?"

"ಹೂಂ ಕಣಣ್ಣ, ಬಸ್ಸಲ್ಲೇ ಬಂದೆ. ಗೇರು ಒಡ್ಕಂಡು ನಿನ್ ಎತ್ತಿನ ಹಿಂದೆ ಬರಾದಕ್ಕಿಂತ ಇದೇ ವಾಸಿ."

ಜನರೆಲ್ಲ ನಕ್ಕರು. ಅತ್ತೆ ತಲೆ ತಗ್ಗಿಸಲಿಲ್ಲ. ಜೀವಮಾನದಲ್ಲಿ ಯಾರ ಮಾತಿಗೂ ಜಗ್ಗದ ಆ ಹೆಂಗಸು ನನ್ನ ಒಂದು ಮಾತಿಗೆ ಅಷ್ಟು ಜನರೆದುರು ನಿಂತರು. ನನ್ನ ಡಿಪ್ಲೊಮಾ ಸರ್ಟಿಫಿಕೇಟು ಕೈಗೆ ಬಂದ ದಿನವೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ಸರಿಯಾದ ಜೋಡಿ ಹುಡುಕಿ, ಕೂರಿಸಿ, ವಿಭೂತಿ ಗೆರೆಯಲ್ಲಿ ಎರಡನ್ನೂ ತಾಳೆ ನೋಡಿದ ಮೇಲೆ, ಮುಂದಿನ ಸೋಮವಾರ ಹೋದೆವು. ಕೆಸರು ದಾಟಿಸಿದ್ದು ಅತ್ತೆಯೇ. ಏರಿನ ಬುಡಕ್ಕೆ ಬಂದವರೇ ಗಾಡಿ ನಿಲ್ಲಿಸಿ ಇಳಿದುಬಿಟ್ಟರು.

"ನೀನ್ ಹತ್ಸು."

"ನಾನಾ ಅತ್ತೆ?"

"ಕಟ್ದೋಳು ನೀನು ತಾನೆ? ನಾನು ಮೇಲ್ ನಿಂತ್ಕಂಡು ನೋಡ್ಬೇಕು."

ಸೆರಗು ಸಿಕ್ಕಿಸಿಕೊಂಡು ಏರು ಹತ್ತಿ, ಸೊಂಟಕ್ಕೆ ಕೈಯಿಟ್ಟು ನಿಂತರು. ನಾನು ಫ್ರಂಟ್ ಗೇರಿನ ಜೊತೆಗೆ, ನಿಧಾನಕ್ಕೆ ಹೆಚ್ಚು ಬಲದಲ್ಲಿ ಎಳೆಯುವ ಸ್ಪೆಷಲ್ ಗೇರ್ ಹಾಕಿದೆ. ತುಂಬಿದ ಟ್ರೇಲರ್ ಎಳೆದುಕೊಂಡು ಜೀಪು ಅವಸರವಿಲ್ಲದೆ, ಒಂದೇ ಉಸಿರಿಗೆ, ಅತ್ತೆಯ ಕಾಲಬುಡಕ್ಕೆ ಹೋಗಿ ನಿಂತಿತು. ಅಣ್ಣ ಬಗ್ಗಿ ಗಾಡಿಯ ಕೆಳಗೆ ಮೂಗೊಡ್ಡಿ ಮೂಸಿ ನೋಡಿದರು. "ವಾಸ್ನೇನೇ ಇಲ್ವಲ್ಲವ್ವಾ!" ಅಂದರು. ಎತ್ತು ಹೊಡೆದುಕೊಂಡು ಮನೆಗೆ ಹೋಗುತ್ತಾ ತಂಗಿಯ ಬೆನ್ನು ತಟ್ಟಿದರು. ಗುತ್ತಿಗೆಯ ಮಾತು ಮತ್ತೆ ಎತ್ತಲಿಲ್ಲ.

ಆಮೇಲೆ ಪ್ರತಿ ಕೊಯ್ಲಿಗೂ ಅದೇ ವಾಡಿಕೆಯಾಯಿತು. ದಾರಿಯುದ್ದಕ್ಕೂ ಅತ್ತೆ ಓಡಿಸುವುದು, ಏರಿನ ಬುಡದಲ್ಲಿ ಇಳಿಯುವುದು, ಮೇಲೆ ಹೋಗಿ ಸೊಂಟಕ್ಕೆ ಕೈಯಿಟ್ಟು ನಿಲ್ಲುವುದು. ಮಂಡಿ ನೋವು ಬಂದ ಮೇಲೂ ಕೋಲೂರಿಕೊಂಡು ಹತ್ತುತ್ತಿದ್ದರು, ಕೂತೇ ಬನ್ನಿ ಅಂದರೆ ಕೇಳುತ್ತಿರಲಿಲ್ಲ.

ಹೋದ ವಾರ ಆ ಯುವಕನ ಜೀಪನ್ನು ಜಾಕಿಗೆ ಎತ್ತಿ, ಡ್ರಾಯರಿನಿಂದ ವಿಭೂತಿ ಗಟ್ಟಿ ತೆಗೆದೆ. "ಪೂಜೆ ಮಾಡ್ತೀರಾ ಮೇಡಂ?" ಅಂದ. ಇಲ್ಲಪ್ಪ, ಸುತ್ತು ಎಣಿಸ್ತೀನಿ ಅಂದೆ.

ಅತ್ತೆ ಹೋದ ಮೇಲೆ ಈ ಸಲ ಮೊದಲ ಕೊಯ್ಲು. ನಾನೇ ಜೀಪು ತೆಗೆದುಕೊಂಡು ಹೋಗಿದ್ದೆ. ಏರಿನ ಬುಡದಲ್ಲಿ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಅವರು ಇಳಿದು ಹತ್ತಲು ಎಷ್ಟು ಹೊತ್ತು ಬೇಕಾಗುತ್ತಿತ್ತೋ ಅಷ್ಟು ಹೊತ್ತು ಹಾಗೇ ಕಾದೆ... ಆಮೇಲೆ ಹತ್ತಿಸಿದೆ. ಗಾಡಿ ಎಂದಿನಂತೆ ಒಂದೇ ಉಸಿರಿಗೆ ಹತ್ತಿತು, ವಾಸನೆಯ ಸುಳಿವಿಲ್ಲ. ಮೇಲೆ ಯಾರೂ ನಿಂತಿರಲಿಲ್ಲ.