ಸಾವಿರದ ನೂರ ಎಂಬತ್ತೊಂಬತ್ತು ಮನೆಗಳ ಚಾರ್ಟು

ನಮ್ಮ ಮನೆಯವರು ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಟೈಂಕೀಪರ್ ಆಗಿದ್ದವರು. ಯಾವ ಬಸ್ಸು ಎಷ್ಟಕ್ಕೆ ಹೊರಟಿತು, ಎಷ್ಟಕ್ಕೆ ಬಂತು ಅಂತ ಬರೆದಿಡೋದೇ ಕೆಲಸ. ಕೆಲಸದಿಂದ ರಿಟೈರ್ ಆದರು, ಚಾಳಿಯಿಂದ ಆಗಲಿಲ್ಲ. ನಾನು ಸ್ನಾನಕ್ಕೆ ಹೋದರೂ ಗಡಿಯಾರ ನೋಡ್ತಾರೆ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತ ಸುಮ್ಮನೆ ಹೇಳಿಲ್ಲ.

ಈ ವರ್ಷ ಬೈಬಲ್ಲನ್ನ ಮೊದಲಿಂದ ಕೊನೇವರೆಗೂ ಓದಿ ಮುಗಿಸ್ತೀನಿ ಅಂತ ಹೊರಟರು. ಹಳೇ ಕ್ಯಾಲೆಂಡರ್ ಹಾಳೆಗಳನ್ನ ಮಗುಚಿ ಅಂಟಿಸಿ, ಊಟದ ಮೇಜಿನ ತುಂಬ ಹರಡಿ, ಸ್ಕೇಲು ಹಿಡಿದು ಮೂರು ದಿನ ಗೀಚಿದರು. ಅಧ್ಯಾಯಕ್ಕೊಂದು ಮನೆ. ದಿನಕ್ಕೆ ಮೂರು ಅಧ್ಯಾಯ, ಭಾನುವಾರ ಐದು. ಚರಿತ್ರೆಗೆ ಹಸಿರು, ಕೀರ್ತನೆಗೆ ನೀಲಿ, ಪತ್ರಗಳಿಗೆ ಹಳದಿ. ಆ ಮೂರು ದಿನ ತಟ್ಟೆ ತೊಡೆ ಮೇಲಿಟ್ಟುಕೊಂಡು ಉಂಡೆವು.

ಚಾರ್ಟು ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ನೋಡಿದಾಗೆಲ್ಲ ನನಗೆ ಹೊಟ್ಟೆ ಉರೀತಿತ್ತು. ನನಗೆ ಓದು ಬರಲ್ಲ, ಎಣಿಸೋದು ಬರುತ್ತೆ ಅಷ್ಟೇ. ಬೈಬಲ್ಲಿನಲ್ಲಿ ನನಗೆ ಗೊತ್ತಿರೋದು ಚರ್ಚಿನಲ್ಲಿ ಕಿವಿಗೆ ಬಿದ್ದಷ್ಟು, ಅಲ್ಲೊಂದು ಚೂರು, ಇಲ್ಲೊಂದು ಚೂರು. ಒಂದು ಸಲವಾದರೂ ಪೂರ್ತಿ ಕೇಳಬೇಕು ಅನ್ನೋದು ಮದುವೆಗೆ ಮುಂಚಿನ ಆಸೆ. ನನ್ನ ಬಲಗಿವಿ ಕೈಕೊಟ್ಟು ಎರಡು ವರ್ಷ ಆಯ್ತು. ಎಡಗಿವಿಯೂ ಅದೇ ದಾರಿ ಹಿಡಿದಿದೆ, ಹೆಚ್ಚು ದಿನ ಬಾಳಲ್ಲ ಅಂತ ಡಾಕ್ಟರು ಹೇಳುವಾಗ ಈ ಮಹಾನುಭಾವರು ಪಕ್ಕದಲ್ಲೇ ಕೂತಿದ್ದರು. ಹಾಗಿದ್ದೂ ಗಟ್ಟಿಯಾಗಿ ಓದಿದರೆ ಹೊತ್ತು ಜಾಸ್ತಿ ಹಿಡಿಯುತ್ತೆ ಅಂತ ಮನಸ್ಸಿನಲ್ಲೇ ಓದಿಕೊಂಡು ಏಳೋರು. ನನಗೂ ಓದಿ ಹೇಳಿ ಅಂತ ಬಾಯಿಬಿಟ್ಟು ಕೇಳೋಕೆ ನನಗೂ ಬಿಂಕ.

ಡಿಪೋದಲ್ಲಿ ಒಂದು ಬಸ್ಸು ಕೆಟ್ಟರೆ ಇನ್ನೊಂದು ಸ್ಪೇರ್ ನಿಂತಿರುತ್ತೆ. ಅಷ್ಟು ವರ್ಷ ಅದನ್ನ ನೋಡಿದ ಮನುಷ್ಯ ಈ ಚಾರ್ಟಿನಲ್ಲಿ ಸ್ಪೇರ್ ಅಂತ ಒಂದು ದಿನವನ್ನೂ ಇಟ್ಟಿರಲಿಲ್ಲ. ಎರಡನೇ ತಿಂಗಳು ಜ್ವರ ಬಂತು, ಐದು ದಿನ ಮಲಗಿದರು. ಎದ್ದರೆ ಎದುರಿಗೆ ಬರೀ ಕುಲಗಳ ಪಟ್ಟಿ, ಯಾರ ಮಗ ಯಾರು ಅಂತ. ಪುಸ್ತಕ ತೆಗೆಯೋರು, ಆಕಳಿಸೋರು, ಮುಚ್ಚೋರು. ಆದರೂ ದಿನಾ ಬೆಳಿಗ್ಗೆ ಚಾರ್ಟಿನ ಮನೆಗಳಿಗೆ ಕೆಂಪು ಪೆನ್ಸಿಲಿನ ಗೀಟು ಬೀಳ್ತಾನೇ ಇತ್ತು.

ಆ ಪುಸ್ತಕದ ಧೂಳು ಒರೆಸೋಳು ನಾನು. ಒಳಗಿನ ಗುರುತಿನ ದಾರ ಹನ್ನೊಂದು ದಿನದಿಂದ ಒಂದೇ ಕಡೆ ಕೂತಿತ್ತು. ಹೊಸ ಗೀಟು ಎಣಿಸಿದೆ, ಮೂವತ್ತೇಳು. ಹೋಗದ ಟ್ರಿಪ್ಪನ್ನ ಹೋಯ್ತು ಅಂತ ಬರೆದ ಕಂಡಕ್ಟರುಗಳಿಗೆ ಮೆಮೊ ಕೊಡಿಸಿದ ಮನುಷ್ಯ ಇವರು! ಕಾಫಿ ಲೋಟದ ಜೊತೆಗೆ ಪುಸ್ತಕವನ್ನೂ ಮುಂದಿಟ್ಟು, ಮೂವತ್ತೇಳು ಟ್ರಿಪ್ಪಿಗೆ ಬಸ್ಸು ಎಲ್ಲಿ ಅಂತ ಕೇಳಿದೆ. ಇಷ್ಟು ವರ್ಷದಲ್ಲಿ ಅವರ ಮುಖ ಹಾಗೆ ಇಂಗು ತಿಂದ ಮಂಗನ ಹಾಗಾಗಿದ್ದು ನಾನು ನೋಡಿರಲಿಲ್ಲ. ಹಿಂದೆ ಬಿದ್ದೆ ಅಂತ ಬರೆಯೋಕೆ ಕೈ ಬರಲಿಲ್ಲ ಅಂದರು. ಖಾಲಿ ಮನೆ ನೋಡಿದರೆ ನಿದ್ದೆ ಹತ್ತಲ್ಲವಂತೆ. ನಗಬೇಕು ಅಂತಲೇ ಬಂದವಳು ನಾನು. ಆಡಿದ್ದೇ ಬೇರೆ.

"ನಿಮ್ಮ ಚಾರ್ಟಿಗೆ ಓದಿದ್ದು ಸಾಕು. ನನ್ನ ಕಿವಿಗೆ ಓದಿ. ಅದು ಇರೋ ತನಕ."

ಕಾಫಿ ಆರಿಹೋಯ್ತು. ಮಾರನೇ ಬೆಳಿಗ್ಗೆ ಕುರ್ಚಿಯನ್ನ ಎಳೆದು ತಂದು ನನ್ನ ಎಡಗಡೆ ಹಾಕಿಕೊಂಡರು. ಓದು ಮತ್ತೆ ಮೊದಲಿಂದ ಶುರುವಾಯ್ತು, ದಿನಕ್ಕೆ ಎರಡೇ ಅಧ್ಯಾಯ. ಪಕ್ಕದ ಮನೆಯವರಿಗೂ ಪುಕ್ಕಟೆ ಕೇಳಿಸೋ ಹಾಗೆ ಓದೋರು. ನಾನು ನಡುನಡುವೆ ಪ್ರಶ್ನೆ ಕೇಳಿದರೆ ಗಡಿಯಾರ ನೋಡೋದನ್ನೂ ಕಷ್ಟಪಟ್ಟು ತಡೆದುಕೊಳ್ಳೋರು. ಅಷ್ಟು ಸುಖವಾಗಿ ನಾನು ಯಾವತ್ತೂ ಕೂತಿದ್ದಿಲ್ಲ.

ಹನ್ನೆರಡನೇ ದಿನ, ದೇವರು ಕರೆದ ಕಡೆಗೆಲ್ಲ ಹೊರಟ ಗಂಡ, ಅವನ ಹಿಂದೆಯೇ ನಡೆದುಬಂದ ಮುದುಕಿ, ಅವರಿಬ್ಬರ ಕತೆ ಮುಂದುವರಿದಿತ್ತು. ಇದ್ದಕ್ಕಿದ್ದಂತೆ ಇವರ ದನಿ ಇಳಿದುಹೋಯ್ತು. ಕೇಳಿಸಲಿಲ್ಲ ಅಂದೆ. ಏನಿಲ್ಲ ಅಂತ ತುಟಿ ಆಡಿದ್ದು ಕಾಣಿಸ್ತು. ಒಂದಕ್ಷರ ಬಿಟ್ಟರೂ ನಾನು ಒಪ್ಪಲ್ಲ ಅಂತ ಹಟ ಹಿಡಿದೆ. ಅವರು ಪುಟದ ಮೇಲೆ ಬೆರಳಿಟ್ಟುಕೊಂಡು, ನನ್ನ ಕಿವಿಯ ಹತ್ತಿರಕ್ಕೆ ಬಗ್ಗಿ, ಕೂಗಿ ಹೇಳಿದರು.

"ಅವನ ಹೆಂಡತಿ ತೀರಿಹೋದಳು ಕಣೇ."

ಅಷ್ಟು ಗಟ್ಟಿಯಾಗಿ ಹೇಳಿದ ಮೇಲೆ ಮುಂದೆ ಓದೋಕೆ ಅವರಿಗೆ ಆಗಲಿಲ್ಲ. ಆ ದಿನದ ಇನ್ನೊಂದು ಅಧ್ಯಾಯ ಹಾಗೇ ಉಳೀತು. ನಾನೂ ಕೇಳಲಿಲ್ಲ.